ತೊಟ್ಟಿಲಿನ ಆಚೆ ನಿಂತ ಅಳಿಯ

ಮೊಮ್ಮಗಳು ಹುಟ್ಟಿದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಮದರಾಸಿನ ವಡಪಳನಿಯ ನಮ್ಮ ಬೀದಿಯ ಮನೆ ಮನೆಗೂ ಹೋಗಿ ಕಲ್ಲುಸಕ್ಕರೆ ಹಂಚಿದೆ. ಯಜಮಾನರು ತಾವು ಅಡುಗೆ ಮಾಡುವ ಹೋಟೆಲಿನಲ್ಲೇ ಮೈಸೂರುಪಾಕು ಹುಯ್ದು ತಂದರು. ಆಹಾ, ಆ ಕೂಸಿನ ಕೆನ್ನೆ! ಈಗ ನೆನೆದರೂ ಬಾಯಿ ತುಂಬಿ ನಗು ಬರುತ್ತದೆ.

ಅಳಿಯಂದಿರು ಸೈನ್ಯದಲ್ಲಿದ್ದರು. ಆಗಷ್ಟೇ ಆಫ್ರಿಕಾದಿಂದ ಬಂದಿದ್ದರು. ಅಲ್ಲಿ ಯುದ್ಧ ಮಾಡುವುದಲ್ಲ, ಬಡಿದಾಡುವವರ ನಡುವೆ ನಿಂತು ಶಾಂತಿ ಕಾಯುವ ಕೆಲಸ. ನೀಲಿ ಟೋಪಿ ಹಾಕಿದ ಅವರ ಫೋಟೋ ನಮ್ಮ ಗೋಡೆಯ ಮೇಲಿತ್ತು. ಸುಮ್ಮನೆ ನಿಲ್ಲುವವರಿಗೆ ಎಂಥ ಕಷ್ಟ ಎಂದು ಯಜಮಾನರು ತಮಾಷೆ ಮಾಡುತ್ತಿದ್ದರು. ನಾವೂ ನಗುತ್ತಿದ್ದೆವು.

ಆದರೆ ಬಂದವರು ಊಟಕ್ಕೆ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಿದ್ದರು. ಬೀದಿಯಲ್ಲಿ ಆಟೋ ಸೈಲೆನ್ಸರ್ ಢಬ್ ಎಂದರೆ ತಟ್ಟೆ ಬಿಟ್ಟು ಏಳುತ್ತಿದ್ದರು. ಕೂಸನ್ನು ಮಾತ್ರ ಮುಟ್ಟಲೇ ಇಲ್ಲ. ದೂರದಿಂದ ನೋಡುವರು, ಅಷ್ಟೆ. ಹೆಣ್ಣು ಹುಟ್ಟಿತು ಅಂತ ಬೇಸರವಾ ಎಂದು ನನ್ನ ಮಗಳು ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದಳು.

ತೊಟ್ಟಿಲಿಗೆ ಹಾಕುವ ದಿನ ಬಂತು. ಕೂಸನ್ನು ತೊಟ್ಟಿಲ ಕೆಳಗಿಂದ, ಮೇಲಿಂದ ದಾಟಿಸುವುದು ನಮ್ಮ ಕ್ರಮ. ಈಚೆ ಒಬ್ಬಳು, ಆಚೆ ಒಬ್ಬಳು, ಹೆಂಗಸರೇ ಮಾಡುವುದು. ನನಗೋ ಸಂಭ್ರಮ ಹೆಚ್ಚಾಗಿ, ಅಪ್ಪನೇ ತಗೊಳ್ಳಲಿ ಎಂದು ಅಳಿಯಂದಿರನ್ನು ಆಚೆ ನಿಲ್ಲಿಸಿದೆ. ತೊಟ್ಟಿಲ ಮೇಲಿಂದ ಕೂಸನ್ನು ನೀಡಿದೆ.

ಅವರು ಎರಡೂ ಕೈ ಎತ್ತಿ ಹಿಂದೆ ಹಿಂದೆ ಸರಿದರು. ಬೆನ್ನಿಗೆ ಗೋಡೆ ತಾಗಿತು. ಮುಖದಿಂದ ಬೆವರು ಇಳಿಯುತ್ತಿತ್ತು. ಹೆಂಗಸರ ಹಾಡು ಅರ್ಧಕ್ಕೇ ನಿಂತಿತು.

ಕೂಸನ್ನು ಮಗಳ ಕೈಗೆ ಕೊಟ್ಟು ಅವರನ್ನು ಹಿತ್ತಿಲ ಬಾವಿಕಟ್ಟೆಗೆ ಕರೆದುಕೊಂಡು ಹೋದೆ. ಅಲ್ಲಿ ಕೂತು ಅವರು ಹೇಳಿದರು.

“ಅಲ್ಲಿ ನಮ್ಮ ಕ್ಯಾಂಪಿಗೆ ಮುಳ್ಳುತಂತಿ ಬೇಲಿ, ಅತ್ತೆ. ಬಂದೂಕಿನವರು ಊರಿಗೆ ನುಗ್ಗಿದ ರಾತ್ರಿ ಹೆಂಗಸರು ಆಚೆಯಿಂದ ಮಕ್ಕಳನ್ನು ಹೀಗೇ ನೀಡ್ತಿದ್ರು. ಯಾರನ್ನೂ ಒಳಗೆ ತಕೊಳ್ಳಬಾರ್ದು ಅಂತ ಹುಕುಂ.”

“ನೀವು ತಕೊಳ್ಳಲಿಲ್ವಾ?”

“ಇಲ್ಲ. ಬೆಳಿಗ್ಗೆ ನೋಡಿದ್ರೆ ಬೇಲಿ ಹತ್ರ ಯಾರೂ ಇರ್ಲಿಲ್ಲ.”

ಒಳಗೆ ಬಂದು ಕೂಸನ್ನು ನನ್ನ ತೊಡೆಯ ಮೇಲೇ ಇಟ್ಟುಕೊಂಡೆ. ಅವರು ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದರು. ಎತ್ತಿಕೊಳ್ಳದೆಯೇ ರಜೆ ಮುಗಿಸಿ ಹೋದರು. ಆಮೇಲೆ ಕೆಲವು ಕಾಲ ಸೈನ್ಯದ ಆಸ್ಪತ್ರೆಯಲ್ಲಿದ್ದರಂತೆ.

ಅಳಿಯಂದಿರು ಮುಂದಿನ ರಜೆಗೆ ಬಂದಾಗ ಮೊಮ್ಮಗಳು ಅಂಬೆಗಾಲಿಡುತ್ತಿದ್ದಳು. ಅವಳನ್ನು ಅವರ ಕೈಗೆ ಕೊಡಲು ಯಾರಿಗೂ ನಾನು ಬಿಡಲಿಲ್ಲ. ಒಂದು ದಿನ ಅವರು ಚಾಪೆಯ ಮೇಲೆ ಕೂತಿದ್ದಾಗ ತಾನೇ ಹೋಗಿ ಪ್ಯಾಂಟು ಹಿಡಿದು ಮಡಿಲು ಹತ್ತಿದಳು, ಕಳ್ಳಿ! ಅವರು ಕೈ ಎತ್ತಿಕೊಂಡೇ ಕೂತರು. ನಾನು ಬಾಗಿಲಲ್ಲೇ ನಿಂತು ನೋಡಿದೆ. ಎಷ್ಟೋ ಹೊತ್ತಿನ ಮೇಲೆ ಒಂದು ಕೈ ಮೆಲ್ಲಗೆ ಇಳಿದು ಅವಳ ಬೆನ್ನ ಮೇಲೆ ಕೂತಿತು.