ಇಸ್ತ್ರಿ ಹಾಕಿದ ಪಟ್ಟದರಸಿ

ಸೊಸೆಗೆ ದೊಡ್ಡ ಆಸ್ಪತ್ರೆಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುವ ಕೆಲಸ. ದಿನವಿಡೀ ನಿಂತೇ ಇರಬೇಕು. ಸಂಜೆ ಮನೆಗೆ ಬರುವಾಗ ಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಹಬೆಗೆ ಬೆಂದು ಅಂಗೈ ಸುಕ್ಕುಗಟ್ಟಿತ್ತು. ಚಾದರ ಬಿಟ್ಟ ಸುಕ್ಕೆಲ್ಲ ತನ್ನ ಕೈಗೇ ಅಂಟಿಕೊಂಡಿತು ಎಂದು ಅವಳೇ ನಗುತ್ತಿದ್ದಳು.

ಚಪ್ಪಲಿ ಬಿಡುವಷ್ಟರಲ್ಲಿ ಒಳಕೋಣೆಯಿಂದ ಅತ್ತೆಯ ದನಿ ಬರುತ್ತಿತ್ತು: "ಬಂದ್ಯಾ? ರಾಣಿ ಕಾಯ್ತಿದಾಳೆ."

ರಾಣಿ ಎಂದರೆ ಐದು ಸಂಪುಟಗಳ ಐತಿಹಾಸಿಕ ಕಾದಂಬರಿಯೊಂದರ ಪಟ್ಟದರಸಿ. ಅರಸನಿಗೆ ಯುದ್ಧ, ಬೇಟೆ, ಮತ್ತೆ ಯುದ್ಧ, ಅವಳಿಗೆ ಕಿಟಕಿ. ಅತ್ತೆ ಹರೆಯದಿಂದ ಓದಿ ಓದಿ ಪುಸ್ತಕದ ಹೊಲಿಗೆಯೇ ಬಿಚ್ಚಿತ್ತು. ಈಗ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ದಿನಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದುವ ಕೆಲಸ ಸೊಸೆಯ ತಲೆಗೆ ಬಂತು. ಇವತ್ತೊಂದು ದಿನ ಬೇಡ ಎಂದರೆ, "ಪುಟ ತಿರುಗಿಸೋಕೆ ಎಷ್ಟು ಶಕ್ತಿ ಬೇಕೇ?" ಎನ್ನುವರು. ಗಂಡನೋ, ಅಮ್ಮನ ಕೋಣೆಯ ಮುಂದೆ ಬೆಕ್ಕಿನ ಹೆಜ್ಜೆಯಿಟ್ಟು ಜಾರಿಕೊಳ್ಳುವ ಆಸಾಮಿ. ಅವಳು ಸಿಂಹಾಸನವನ್ನೇನೂ ಬೇಡಿರಲಿಲ್ಲ. ಒಂದು ಸಂಜೆ ಮೈ ಚಾಚಿದರೆ ಸಾಕಿತ್ತು. ಅದನ್ನು ಕೇಳಿ ಕೇಳಿ ಬಾಯಿ ಸೋತಿತ್ತು.

ಅಂದು ಜೊತೆಯವಳು ರಜೆ, ಅವಳ ಪಾಲಿನ ಚಾದರಗಳೂ ಇವಳ ಮೇಜಿಗೇ ಬಂದಿದ್ದವು. ಮನೆಗೆ ಬಂದು ಪುಸ್ತಕ ಹಿಡಿದಳು. "ಪಟ್ಟದರಸಿಯು ಉಪ್ಪರಿಗೆಯಲ್ಲಿ ನಿಂತು ಸೇನೆ ಹೊರಡುವುದನ್ನೇ ನೋಡುತ್ತಿದ್ದಳು..." ಓದುತ್ತಲೇ ಜೊಂಪು ಹತ್ತಿತು. ಕಣ್ಣು ಮುಚ್ಚಿದರೂ ಬಾಯಿ ನಿಲ್ಲಲಿಲ್ಲ, ಅಭ್ಯಾಸಬಲ. "ನಿಂತು ನಿಂತು ರಾಣಿಯ ಮಂಡಿ ಊದಿತ್ತು. ಇನ್ನೂ ಒಂದು ಗಾಡಿ ಚಾದರ ಬಾಕಿ ಇತ್ತು. ಇಸ್ತ್ರಿ ಆಗುವ ತನಕ ಕೂರಬೇಡ ಎಂದು ಮೇಸ್ತ್ರಿ ಗದರಿಸಿದ..."

"ಏನೇ! ರಾಣಿ ಇಸ್ತ್ರಿ ಹಾಕ್ತಾಳಾ?"

ಸೊಸೆ ಬೆಚ್ಚಿಬಿದ್ದು ಕಣ್ಣುಜ್ಜಿಕೊಂಡಳು. "ತಪ್ಪಾಯ್ತು ಅತ್ತೆ. ಸಾಲು ಹಿಂದೆಮುಂದೆ ಆಯ್ತು."

ಬೈಗುಳ ಬರಲಿಲ್ಲ. ಅತ್ತೆ ಕೇಳಿದರು: "ಮಂಡಿ ಊದಿದೆ ಅಂದ್ಯಲ್ಲ, ಅವಳ ಅತ್ತೆಗೆ ಗೊತ್ತಿಲ್ವಾ?"

"ಅವರಿಗೆ ಕಣ್ಣು ಕಾಣಲ್ಲ," ಎಂದುಬಿಟ್ಟಳು ಸೊಸೆ. ಎಷ್ಟೋ ದಿನದ ಸಿಟ್ಟು ಅದರಲ್ಲಿತ್ತು.

"ಕಿವಿ ಕೇಳ್ಸತ್ತಲ್ಲ," ಎಂದರು ಅತ್ತೆ, ಮೆಲ್ಲಗೆ. ಅವಳ ಮಡಿಲನ್ನು ತಡವಿ ಪುಸ್ತಕ ಎತ್ತಿಕೊಂಡು ದಿಂಬಿನಡಿ ತುರುಕಿದರು. "ಇಲ್ಲೇ ಮಲ್ಕೋ. ಉಳಿದಿದ್ದು ನಾನು ಹೇಳ್ತೀನಿ. ಐದೂ ಸಂಪುಟ ನನಗೆ ಬಾಯಿಪಾಠ."

ಸೊಸೆಗೆ ಮೈಯೆಲ್ಲ ಉರಿಯಿತು. "ಹಾಗಾದ್ರೆ ಇಷ್ಟು ದಿನ ನನ್ ಕೈಲಿ ಯಾಕೆ ಓದಿಸಿದ್ರಿ?"

"ಹಗಲೆಲ್ಲ ಒಬ್ಬಳೇ ಕಣೇ. ಸುಮ್ನೆ ಬಂದು ಕೂತ್ಕೋ ಅಂದಿದ್ರೆ ಕೂರ್ತಿದ್ಯಾ?"

ಕೂರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಜಗಳ ಆಡುವುದಕ್ಕೂ ತ್ರಾಣವಿಲ್ಲದೆ ಅವಳು ಅತ್ತೆಯ ಮಗ್ಗುಲಲ್ಲಿ ಉರುಳಿಕೊಂಡಳು. ಅತ್ತೆ ಶುರುಮಾಡಿದರು. ಸೇನೆ ಕೋಟೆಬಾಗಿಲು ದಾಟುವ ಮೊದಲೇ ಸೊಸೆ ಗೊರಕೆ ಹೊಡೆಯುತ್ತಿದ್ದಳು.

ಅಷ್ಟರಲ್ಲಿ ಅವಳ ಗಂಡ ಬಂದು ಬಾಗಿಲಲ್ಲಿ ಇಣುಕಿದ. "ಊಟಕ್ಕೇನು?" ಎಂದು ಕೇಳಿದ.

"ಮೆಲ್ಲಗೆ ಮಾತಾಡೋ, ರಾಣಿ ಮಲಗಿದಾಳೆ," ಎಂದರು ಅತ್ತೆ. "ಏನಿದೆಯೋ ನೀನೇ ಬಡಿಸ್ಕೋ. ನನಗೂ ತಂದ್ಕೊಡು."