ಕಾಕಾರ ಸ್ಕ್ಯಾನ್ ಹೊಳೆಯಿತು

ಮೊನ್ನೆ ನಮ್ಮೂರು ತಿಕೋಟಾದಲ್ಲಿ ಬಸ್ ಇಳಿದಾಗ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನ ಗಂಧಕದ ಹೊಗೆ ಗಂಟಲು ಹಿಡಿಯಿತು. ಹಣ್ಣಿಗೆ ಬಣ್ಣ ಬರಲೆಂದು ಹಾಕುವ ಹೊಗೆ. ಆ ಶೆಡ್ಡಿನಲ್ಲೇ ದುಡಿಯುತ್ತಿದ್ದ ನಮ್ಮ ಎದುರುಮನೆ ಕಾಕಾರ ಅಂಗಿಗೆ ಸದಾ ಇದೇ ವಾಸನೆ...

ಕಾಕಾ ಮತ್ತು ನನ್ನ ಅಪ್ಪ ಜೀವದ ಗೆಳೆಯರು. ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ಇಬ್ಬರಿಗೂ ಒಂದೇ ವರ್ಷ ಬಂತು. ಒಂದೇ ಕಾರಿನಲ್ಲಿ ದೂರದ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಆಕ್ಟಿನಿಯಂ ಎಂಬ ಹೊಸ ಔಷಧಿ ಇತ್ತು. ಅದು ರಕ್ತದಲ್ಲಿ ಸಾಗಿ, ಕ್ಯಾನ್ಸರ್ ಕೋಶಕ್ಕೇ ಅಂಟಿ, ಅಲ್ಲೇ ಆಲ್ಫಾ ಕಿರಣ ಬಿಟ್ಟು ಅದನ್ನು ಕೊಲ್ಲುತ್ತದಂತೆ. ಆದರೆ ಮೊದಲು ಸ್ಕ್ಯಾನಿನಲ್ಲಿ ಗಡ್ಡೆ ಹೊಳೆಯಬೇಕು. ಹೊಳೆಯದ ಗಡ್ಡೆಗೆ ಔಷಧಿ ಅಂಟುವುದಿಲ್ಲ.

ಕಾಕಾರ ಬೆನ್ನೆಲುಬೆಲ್ಲ ದೀಪ ಹಚ್ಚಿದಂತೆ ಹೊಳೆಯಿತು. ಅಪ್ಪನ ಲಿವರಿಗೆ ಹರಡಿದ್ದ ಗಡ್ಡೆಗಳು ಕಪ್ಪಾಗಿಯೇ ಉಳಿದವು; ಅವನಿಗೆ ಆ ಔಷಧಿ ಇಲ್ಲ ಎಂದರು. ಇನ್ನೊಬ್ಬರ ಕ್ಯಾನ್ಸರಿನ ಮೇಲೆ ಹೊಟ್ಟೆಕಿಚ್ಚು ಪಡುವವರು ಇರುತ್ತಾರೆಯೇ? ನಾನು ಪಟ್ಟೆ.

ಎರಡನೇ ಇಂಜೆಕ್ಷನ್ನಿಗೇ ಕಾಕಾ ಕೋಲು ಬಿಟ್ಟು ನಡೆದರು. ಔಷಧಿಯಿಂದ ಬಾಯಿ ಒಣಗಿ ಮಣೂಕದ ರುಚಿಯೇ ತಿಳಿಯುತ್ತಿಲ್ಲ ಎಂದು ಗೊಣಗಿದರು. ಗೊಣಗಲಾದರೂ ಜೀವವಿತ್ತಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಅಪ್ಪ ಹಾಸಿಗೆ ಹಿಡಿದಿದ್ದ.

ಒಂದು ಸಂಜೆ ಕಾಕಾ ನಮ್ಮ ಬಾಗಿಲಿಗೆ ಬಂದರು.

"ನಿಮ್ಮಪ್ಪನ ಮಾರಿ ನೋಡಿ ಹೋಗ್ತೀನವಾ."

"ಬ್ಯಾಡ್ರಿ ಕಾಕಾ. ನಿಮ್ಮ ಮೈಯಾಗ ಆ ಔಷಧದ ಕಿರಣ ಇನ್ನೂ ಐತಿ. ಅಪ್ಪಗ ತ್ರಾಸ ಆಗ್ತೈತಿ."

ಸುಳ್ಳು. ಸಣ್ಣ ಮಕ್ಕಳಿಂದ, ಬಸುರಿಯರಿಂದ ಕೆಲವು ದಿನ ದೂರವಿರಿ ಎಂದಷ್ಟೇ ಡಾಕ್ಟರು ಹೇಳಿದ್ದರು. ಆ ದಿನಗಳೂ ಮುಗಿದಿದ್ದವು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಕಾಕಾ ಹೊಸ್ತಿಲಿಂದಲೇ ಹಿಂದೆ ಸರಿದರು.

"ಅಂವ ಯಾಕ ಬರವಲ್ಲ ಬೇ?" ಅಪ್ಪ ದಿನಾ ಕೇಳುತ್ತಿದ್ದ.

"ಆರಾಮ ಆಗ್ಯಾರ. ಶೆಡ್ಡಿನಾಗ ಕೆಲಸ ಭಾಳ ಐತಂತ."

ಆಮೇಲಾಮೇಲೆ ಅಪ್ಪ ಕೇಳುವುದನ್ನೇ ಬಿಟ್ಟ... ಅವನು ತೀರಿಕೊಂಡ ದಿನ ಕಾಕಾ ಬೀದಿಯ ಆಚೆಯೇ ನಿಂತಿದ್ದರು. ಕರೆದರೂ ಹತ್ತಿರ ಬರಲಿಲ್ಲ. ಮನೆ ತುಂಬ ಮಕ್ಕಳಿದ್ದಾರೆ ಎಂದು ಕೈಸನ್ನೆ ಮಾಡಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮುಂದೆ ಔಷಧಿ ಕಾಕಾರಿಗೂ ನಾಟದೇ ಹೋಯಿತು. ಹೋದ ವರ್ಷ ಅವರೂ ಹೋದರು. ಅಪ್ಪನಿಗಿಂತ ಎರಡು ವರ್ಷ ಹೆಚ್ಚು ಬದುಕಿದರು. ಆ ಎರಡು ವರ್ಷ ನೆನೆದರೆ ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ.

ಮೊನ್ನೆ ಬಸ್ ಇಳಿದವಳು ಅವರ ಮನೆಗೇ ಹೋದೆ. ಕಾಕಾರ ಹೆಂಡತಿ ಕಾಕು ಚಹಾ ಕೊಟ್ಟು ಪಕ್ಕದಲ್ಲಿ ಕೂತರು.

"ಗೆಳ್ಯಾನ ಮಣ್ಣಿಗಿ ಹೆಗಲ ಕೊಡಲಿಲ್ಲ, ನಾ ಎಂಥಾ ಮನಶ್ಯಾ ಅಂತ ಕಡೀತನಕ ಅತ್ತಾರ ನೋಡವಾ."

"ಅವರದೇನು ತಪ್ಪಿಲ್ರಿ ಕಾಕು" ಎಂದೆ.

ಮತ್ತೆ ಯಾರದು ಎಂದು ಕಾಕು ಕೇಳಲಿಲ್ಲ. ನಾನೂ ಹೇಳಲಿಲ್ಲ.