ಸ್ಟ್ಯಾಂಡ್ ಮೇಲೆ ಓಡಿದ ಗಾಡಿ

ದೋಹಾಕ್ಕೆ ಬಂದ ಮೇಲೆ ನಾನು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಮನೆಯಿಂದ ದಿನಸಿ ಅಂಗಡಿಗೂ ನಮ್ಮೆಜಮಾನ್ರೇ ಕಾರಿನಲ್ಲಿ ಕರ್ಕೊಂಡು ಹೋಗೋರು. 'ಬಿಸಿಲಲ್ಲಿ ಯಾಕೆ ನಡೀತೀಯ?' ಅನ್ನೋರು. ಒಳ್ಳೆಯವರು, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳ ಆಡಬಹುದಿತ್ತು.

ಮೈಸೂರಲ್ಲಿ ನನಗೊಂದು ಮೊಪೆಡ್ ಇತ್ತು. ಪೆಡಲ್ ತುಳಿದು ತುಳಿದು ಸ್ಟಾರ್ಟ್ ಮಾಡಬೇಕು. ಹತ್ತಿಕೊಂಡರೆ ಸಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಡ್ತಿದ್ದೆ. ಇಲ್ಲಿಗೆ ಬರುವಾಗ ಮಾರಿದೆವು. ತವರು ಬಿಡುವಾಗ ಅಳದವಳು, ಆ ಗಾಡಿ ಬೀದಿ ತಿರುವು ದಾಟಿದಾಗ ಗೊಳೋ ಅಂತ ಅತ್ತೆ. ಮುಖಕ್ಕೆ ಬಡಿಯುತ್ತಿದ್ದ ಆ ಗಾಳಿ ಈಗಲೂ ನೆನಪಾಗುತ್ತೆ.

ಫುಟ್‌ಬಾಲ್ ವರ್ಲ್ಡ್ ಕಪ್ ವರ್ಷ, ಊರೆಲ್ಲ ಬಾವುಟ. ಇವರ ಆಫೀಸಿನ ಹಿರಿಯ ಕತಾರಿ ಸಾಹೇಬರೊಬ್ಬರು ಅಲ್ ರಯ್ಯಾನ್‌ನ ತಮ್ಮ ಮನೆಗೆ ಕರೆದರು. ಶೆಡ್ಡಿನಲ್ಲಿ ಹಳೇ ಗಾಡಿಗಳ ಸಾಲು. ಎಲ್ಲಕ್ಕಿಂತ ಮುದುಕಿ ಒಂದು ಟ್ರೈಸಿಕಲ್, ಕಾರುಗಳು ಇನ್ನೂ ಅಪರೂಪವಾಗಿದ್ದ ಕಾಲದ್ದು. ಯಾರೋ ಪುಣ್ಯಾತ್ಮರು ಮೂರು ಚಕ್ರದ ಸೈಕಲ್ಲಿಗೆ ಹಿಂದೆ ಪುಟ್ಟ ಪೆಟ್ರೋಲ್ ಎಂಜಿನ್ ಕೂರಿಸಿ, ಕುದುರೆ ಇಲ್ಲದೆ ಓಡೋದು ಹೇಗೆ ಅಂತ ತೋರಿಸಿಕೊಟ್ಟಿದ್ದರು. ಅದಕ್ಕೂ ಪೆಡಲ್! ತುಳಿದೇ ಸ್ಟಾರ್ಟ್ ಮಾಡಬೇಕಂತೆ. ನನ್ನ ಮೊಪೆಡ್ ಥರಾನೇ.

'ನಾನು ತುಳೀಲಾ?' ಅಂತ ಸಾಹೇಬರನ್ನು ಹಿಂದಿಯಲ್ಲಿ ಕೇಳೇಬಿಟ್ಟೆ; ಅವರಿಗೆ ಅಲ್ಪಸ್ವಲ್ಪ ಹಿಂದಿ ಬರುತ್ತೆ.

ಇವರು ಕನ್ನಡದಲ್ಲಿ, 'ಏ, ಸುಮ್ನಿರೇ, ಮರ್ಯಾದೆ ಹೋಗುತ್ತೆ' ಅಂದರು. ಸಾಹೇಬರು ನಕ್ಕು 'ಯಲ್ಲಾ!' ಅಂದರು, ಹೂಂ ನಡಿ ಅಂತ. ಆದರೆ ಮೊದಲು ಹಿಂದಿನ ಎರಡೂ ಚಕ್ರ ನೆಲ ಬಿಡುವ ಹಾಗೆ ಗಾಡಿಯನ್ನು ಸ್ಟ್ಯಾಂಡಿಗೆ ಎತ್ತಿಸಿದರು.

ಚೂಡಿದಾರ್ ಹಾಕಿದ್ದು ಒಳ್ಳೇದೇ ಆಯ್ತು. ತುಳಿದೆ. ಮಂಡಿ ಅಯ್ಯೋ ಅಂತು. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಬಿಡ್ತೀನಾ, ಮತ್ತೆ ತುಳಿದೆ. ಟಪ್, ಟಪ್, ಟಪಟಪಟಪ ಅಂತ ಹತ್ತಿಕೊಂಡಿತು! ಹ್ಯಾಂಡಲ್ ನಡುಗಿತು, ಚಕ್ರಗಳು ಗಾಳಿಯಲ್ಲಿ ಗಿರಗಿರ ತಿರುಗಿದವು. ಎದುರಿನ ಗೇಟು ಮಾತ್ರ ಇದ್ದಲ್ಲೇ ಇತ್ತು.

'ಇಳಿಸಿ ಸಾಹೇಬ್ರೆ, ಗೇಟಿನ ತನಕ, ಒಂದೇ ಸಲ' ಅಂತ ಬೇಡಿದೆ.

ಬ್ರೇಕ್ ನಂಬೋ ಹಾಗಿಲ್ಲ ಅಂದರು. ಎಂಜಿನ್ ಆರಿಸಿದರು. ಖಲಾಸ್.

ವಾಪಸ್ ಬರುವಾಗ ಇವರು ಸಮಾಧಾನ ಮಾಡಿದರು. 'ರಿಟೈರ್ ಆಗಿ ಮೈಸೂರಿಗೆ ಹೋದ್ಮೇಲೆ ನಿಂಗೊಂದು ಗಾಡಿ ಕೊಡಿಸ್ತೀನಿ ಕಣೇ.'

'ಆಮೇಲಿಂದು ಆಮೇಲೆ. ಆ ಬಸ್ ಸ್ಟಾಪಲ್ಲಿ ನನ್ನ ಇಳಿಸ್ರೀ. ಒಬ್ಬಳೇ ಬರ್ತೀನಿ.'

'ಕೋಪಾನಾ?'

'ಇಲ್ಲ ಕಣ್ರೀ, ಆಸೆ.'

ಅವರು ಕಾರು ನಿಲ್ಲಿಸಿದರು. ಬಸ್ ಬಂತು, ಹತ್ತಿದೆ. ಕಿಟಕಿ ಪಕ್ಕ ಕೂತು, ಎಷ್ಟೋ ವರ್ಷದ ಮೇಲೆ ಒಬ್ಬಳೇ ಹೊರಟೆ ಅಂತ ಒಳಗೊಳಗೇ ನಕ್ಕೆ. ಹಾಗೇ ಹಿಂದೆ ತಿರುಗಿ ನೋಡಿದರೆ ನಮ್ಮ ಕಾರು. ಮನೆ ಬರೋ ತನಕ ಬಸ್ಸಿನ ಹಿಂದೆಯೇ ಬಂತು.